ನಿಂಗಣ್ಣಮಾವ ದಿಟ್ಟಿಸಿದ ಗುಡ್ಡೆ

ನಾನು ಮೂಲೆಯ ಬಾಳೆಲೆ ಎತ್ತಿಕೊಂಡದ್ದೇ ತಡ, ನೆರೆಮನೆಯ ನಿಂಗಣ್ಣಮಾವ ಹಣೆ ಚಚ್ಚಿಕೊಂಡರು. “ಅಯ್ಯೋ, ಅದ್ನೇ ತಗಂಬುಟ್ಯಲ್ಲವ್ವಾ!”

ಎಪ್ಪತ್ತರ ದಶಕದ ಮಾತು. ಹನಗೋಡಿನ ಪಕ್ಕದ ನಮ್ಮೂರಲ್ಲಿ ಯುಗಾದಿಯ ಮಾರನೇ ದಿನ ನಾಲ್ಕಾರು ಮನೆಯವರು ಸೇರಿ ಕುರಿ ಕುಯ್ದು, ಬಾಡನ್ನು ಬಾಳೆಲೆಗಳ ಮೇಲೆ ಗುಡ್ಡೆ ಹಾಕುತ್ತಿದ್ದರು. ಗುಡ್ಡೆ ಹಾಕಿದವರು ಕೊನೆಗೆ ಉಳಿದದ್ದನ್ನೇ ಒಯ್ಯಬೇಕು. ಮೋಸವಾಗದಿರಲೆಂದೇ ಆ ಕಟ್ಟಳೆ. ಹಾಕುವವರು ಯಾವಾಗಲೂ ನಿಂಗಣ್ಣಮಾವ. ಹೊಸ ಸೊಸೆಯೆಂದು ನನಗೆ ಮೊದಲ ಸರದಿ ಕೊಟ್ಟಿದ್ದರು. ನಿಂಗಣ್ಣಮಾವನ ಕಣ್ಣು ಮೂಲೆಯ ಗುಡ್ಡೆಯಿಂದ ಕದಲದ್ದು ಕಂಡು, ಒಳ್ಳೇ ಬಾಡು ಅಲ್ಲೇ ಇದೆಯೆಂದು ಅದನ್ನೇ ಎತ್ತಿದ್ದೆ.

ಮನೆಯಲ್ಲಿ ಅತ್ತೆ ಕೈಯಾಡಿಸಿದರೆ ಮೇಲಷ್ಟೇ ಬಾಡು, ಕೆಳಗೆಲ್ಲ ಮೂಳೆ. “ಸಾರು ಮಾಡಾನಾ, ಇಲ್ಲಾ ನಾಯಿ ಕರಿಯಾನಾ?” ಎಂದರು.

ಮರುವರ್ಷ ಜಾಣೆಯಾಗಿ, ಮಾವ ದಿಟ್ಟಿಸುತ್ತಿದ್ದ ಗುಡ್ಡೆಯನ್ನು ಬಿಟ್ಟು ಪಕ್ಕದ್ದನ್ನು ಎತ್ತಿದೆ. ಮತ್ತೆ ಮೂಳೆ! ನನ್ನನ್ನು ನೋಡಿ ಎಲ್ಲರೂ ಹಾಗೇ ಮಾಡಿದ್ದರಿಂದ, ತಾವು ದಿಟ್ಟಿಸಿದ್ದ ಗುಡ್ಡೆಯನ್ನು ಮಾವನೇ ನಗುನಗುತ್ತ ಒಯ್ದರು.

ಮೂರನೇ ವರ್ಷ ಗಟ್ಟಿಯಾಗಿ ಕಣ್ಣು ಮುಚ್ಚಿ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡೆ. ಮಾವ ಉರಿದುಬಿದ್ದರು. “ಕಣ್ ಮುಚ್ಕಂಡು ತಗಳಾದು ಮೋಸ ಕಣವ್ವಾ!” ಆವತ್ತು ನಮ್ಮ ಸಾರಿನಲ್ಲಿ ತುಂಬ ಬಾಡಿತ್ತು.

ಈಗಲೂ ಸೀರೆ ಅಂಗಡಿಯವರು “ಇದನ್ನ ನಿಮಗೇ ಅಂತ ತೆಗೆದಿಟ್ಟಿದ್ದೆ” ಎಂದರೆ ಕಣ್ಣು ಮುಚ್ಚಿ ರಾಶಿಗೆ ಕೈ ಹಾಕುತ್ತೇನೆ. ನನ್ನ ಕಣ್ಣಿಗೆ ಪೊರೆ ಬಂದಿದೆಯೆಂದು ನನ್ನ ಸೊಸೆ ಡಾಕ್ಟರನ್ನು ವಿಚಾರಿಸುತ್ತಿದ್ದಾಳೆ.