ಹೊಟ್ಟೆಯ ಮೇಲಿನ ಹಳದಿ ಕಲೆಗಳು

ಅವರ ಬಲಗೈ ಹೆಬ್ಬೆರಳ ತುದಿಯಲ್ಲಿ ಕೂದಲೆಳೆಯಂಥ ಗಾಯದ ಗೆರೆಗಳು ಒತ್ತೊತ್ತಾಗಿದ್ದವು. ಮೂವತ್ತು ವರ್ಷ ಔಷಧಿಯ ಗಾಜಿನ ಸೀಸೆಗಳ ಕುತ್ತಿಗೆ ಮುರಿದ ಬೆರಳು ಅದು. ರಾಯಚೂರಿನ ಆಸ್ಪತ್ರೆಯೊಂದಕ್ಕೆ ನಾನು ಹೊಸ ಡಾಕ್ಟರಾಗಿ ಸೇರಿದಾಗ ಅವರು ನಮ್ಮ ವಾರ್ಡಿನ ಹಿರಿಯ ನರ್ಸ್. ಅರಕೇರಾದ ಕೂಲಿ ಮನೆತನದಲ್ಲಿ ಮೊದಲು ಓದಿದವರು. ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ರೋಗಿಗಳ ಮೈ ಒರೆಸುವ ಕೆಲಸವನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. “ಮೈ ಒರಸಾಕತ್ತಿದ್ರ ಮಂದಿ ತಾವ ಮಾತಾಡ್ತಾರ,” ಎನ್ನುವರು.

ಒಮ್ಮೆ ದೇವದುರ್ಗದ ಕಡೆಯ ಜಾಲಹಳ್ಳಿಯ ಹೆಂಗಸೊಬ್ಬಳು ಕಾಲು ಬಾತು ಬಂದಳು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ಬೆಳೆಯದಿರಲೆಂದು ಹೆಪಾರಿನ್ ಚುಚ್ಚುಮದ್ದು ಶುರು ಮಾಡಿದೆ. ಮರುದಿನ ಬೆಳಿಗ್ಗೆ ನೋಡಿದರೆ ಎರಡು ಲಕ್ಷವಿದ್ದ ಪ್ಲೇಟ್‌ಲೆಟ್ ಎಂಬತ್ತು ಸಾವಿರಕ್ಕೆ ಇಳಿದಿತ್ತು, ಬಾವು ತೊಡೆಗೇರಿತ್ತು. ಕೆಲವರಲ್ಲಿ ಹೆಪಾರಿನ್ನೇ ಪ್ಲೇಟ್‌ಲೆಟ್ ಇಳಿಸಿ, ಹೆಪ್ಪನ್ನೂ ಹೆಚ್ಚಿಸುತ್ತದೆ. ಆದರೆ ಅದಕ್ಕೆ ಸಾಮಾನ್ಯವಾಗಿ ಐದಾರು ದಿನ ಬೇಕು. ಇಲ್ಲಿ ಒಂದೇ ದಿನವಾಗಿದೆ, ಸಾಧ್ಯತೆ ಕಡಿಮೆ, ಡೆಂಗಿ ಇರಬಹುದು ಎಂದು ಬರೆದು, ಬಾವು ಏರಿದ್ದಕ್ಕೆ ಹೆಪಾರಿನ್ ಹೆಚ್ಚಿಸಲು ಹೇಳಿದೆ.

ಅಕ್ಕ ಸಿರಿಂಜ್ ಎತ್ತಲಿಲ್ಲ. “ಡಾಕ್ಟ್ರೇ, ಆಕಿಗೆ ಜ್ವರ ಇಲ್ಲಲ್ರಿ. ಹೊಟ್ಟಿ ನೋಡೀರೇನು?”

ನೋಡಿರಲಿಲ್ಲ. ಹೊಕ್ಕುಳಿನ ಎರಡೂ ಬದಿ ಹಳದಿಗೆ ತಿರುಗಿದ ಹಳೆಯ ಸೂಜಿ ಕಲೆಗಳಿದ್ದವು. ಅಕ್ಕ ರೋಗಿಯ ಮಗಳನ್ನು ಕೇಳಿದರು: “ಯವ್ವಾ, ಮೊದ್ಲ ಎಲ್ಲ್ಯಾರ ಸೂಜಿ ಹಾಕಿಸಿದ್ರೇನು?”

“ಹದಿನೈದು ದಿನದ ಹಿಂದ ಎದಿ ನೋವಂತ ಮಾನ್ವಿ ದವಾಖಾನ್ಯಾಗ ಇದ್ವಿರಿ. ದಿನಾ ಎರಡು ಸಲ ಹೊಟ್ಟಿಗೆ ಹಾಕ್ತಿದ್ರು.”

ಅದೂ ಹೆಪಾರಿನ್ ಜಾತಿಯ ಔಷಧವೇ. ಮೈ ಮೊದಲೇ ಅದರ ವಿರುದ್ಧ ಸಜ್ಜಾಗಿತ್ತು. ಹಾಗಿದ್ದಾಗ ಒಂದೇ ದಿನ ಸಾಕು. ‘ಕಡಿಮೆ’ ಎಂದಿದ್ದನ್ನು ಹೊಡೆದು ‘ಹೆಚ್ಚು’ ಎಂದು ಬರೆದು, ಹೆಪಾರಿನ್ ನಿಲ್ಲಿಸಲು ಹೇಳಿದೆ.

“ಸಲೈನ್ ನಳಿ ತೊಳಿಯೂ ನೀರಿನ್ಯಾಗೂ ಹೆಪಾರಿನ್ ಇರ್ತದ. ಅದನ್ನೂ ಬಂದ್ ಮಾಡ್ತೀನ್ರಿ,” ಎಂದರು ಅಕ್ಕ.

ಹೈದರಾಬಾದಿಗೆ ಕಳಿಸಿದ ರಕ್ತಪರೀಕ್ಷೆಗೆ ಕಾಯದೆ ಬೇರೆ ಔಷಧ ಕೊಟ್ಟೆವು. ವಾರದಲ್ಲಿ ಪ್ಲೇಟ್‌ಲೆಟ್ ಏರಿತು, ಕಾಲು ಉಳಿಯಿತು. ವರದಿಯೂ ಹೌದೆಂದಿತು.

ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ನಾನು ಅಕ್ಕನ ಹೆಸರೆತ್ತದೆ ಮುಂದಿನ ರೋಗಿಯ ಕೇಸ್ ಶೀಟ್ ತೆರೆದೆ. ಅಕ್ಕ ಪಕ್ಕದ ಹಾಸಿಗೆಯ ಹೊದಿಕೆ ಸರಿಪಡಿಸುತ್ತಿದ್ದರು. ಎಷ್ಟೋ ದಿನದ ಮೇಲೆ ತಪ್ಪಾಯಿತೆಂದು ಹೇಳಲು ಹೋದರೆ, “ಆಕಿ ನಡಕೋತ ಹೋಗಿ ದೇವದುರ್ಗದ ಬಸ್ ಹತ್ತಿದ್ಲು. ಅಷ್ಟ ಸಾಕ್ರಿ,” ಎಂದುಬಿಟ್ಟರು.

ಹೋದ ವರ್ಷ ಅಕ್ಕ ತೀರಿಕೊಂಡರು. ಅರಕೇರಾದಲ್ಲಿ ಮಣ್ಣು ಹಾಕಿ ಬಂದ ಮರುದಿನ, ದಾಖಲೆ ಕೋಣೆಯಲ್ಲಿ ಆ ಕೇಸ್ ಶೀಟ್ ಹುಡುಕಿಸಿದೆ. ‘ಮಾನ್ವಿಯ ಚುಚ್ಚುಮದ್ದಿನ ವಿಷಯ ವಿಚಾರಿಸಿ ತಿಳಿದುಕೊಂಡೆ’ ಎಂದಿತ್ತು. ನನ್ನದೇ ಅಕ್ಷರ, ನನ್ನದೇ ಸಹಿ. ಅವರ ಹೆಸರು ಎಲ್ಲೂ ಇರಲಿಲ್ಲ. ಹಳೆಯ ದಾಖಲೆ ತಿದ್ದುವಂತಿಲ್ಲ. ಹಾಗೇ ಮಡಿಚಿ ಕೊಟ್ಟೆ.