ಅರವಟ್ಟಿಗೆಯ ಮುಂದಿನ ಕುರ್ಚಿಗಳು

ಬೆಳಗಿನ ನಮಾಜು ಮುಗಿಸಿದ ಮೇಲೆ ನಮ್ಮ ಪಕ್ಕದ ಮನೆಯ ಶುಕೂಫೆ ದೊಡ್ಡಮ್ಮ ಬೀದಿ ದಾಟಿ ಹೋಗಿ ಅರವಟ್ಟಿಗೆಯ ಹಿತ್ತಾಳೆ ಬಟ್ಟಲನ್ನು ಬೂದಿ ಹಚ್ಚಿ ತೊಳೆಯುತ್ತಾರೆ. ಜ್ವರ ಬಂದರೂ ಹಿಮ ಬಿದ್ದರೂ ತಪ್ಪಿಸಿದವರಲ್ಲ. ಸುಲ್ತಾನರ ಕಾಲದಲ್ಲಿ ಯಾರೋ ವಿಧವೆ ಸತ್ತ ಮಗನ ಹೆಸರಿನಲ್ಲಿ ಕಟ್ಟಿಸಿದ ಅಮೃತಶಿಲೆಯ ಅರವಟ್ಟಿಗೆ ಅದು. ನಮ್ಮ ಉಸ್ಕುದಾರ್ ಪೇಟೆಯ ಈ ಭಾಗದಲ್ಲಿ ಯಾರಿಗೆ ದಾರಿ ಹೇಳಬೇಕಾದರೂ ಅಲ್ಲಿಂದಲೇ ಶುರು.

ಈ ವಸಂತದಲ್ಲಿ ಅದರ ಪಕ್ಕದ ಕಾಫಿ ಅಂಗಡಿಯ ನೆಜ್ದತ್ ತನ್ನ ಮೇಜು ಕುರ್ಚಿಗಳನ್ನು ಅರವಟ್ಟಿಗೆಯ ನಲ್ಲಿಯವರೆಗೂ ತಂದಿಟ್ಟ. ಕಾಫಿ ಕುಡಿಯುತ್ತಾ ಕೂತವರನ್ನು ದಾಟಿ ಹೋಗಲು ಜನ ಹಿಂಜರಿದರು. ಹೊರೆಯಾಳುಗಳೂ ಶಾಲೆಯ ಮಕ್ಕಳೂ ಬಾಯಾರಿಕೊಂಡೇ ಹೋಗತೊಡಗಿದರು.

“ಮೇಜು ಹಿಂದಕ್ಕೆ ತಗೋ ಮಗಾ,” ಅಂದರು ದೊಡ್ಡಮ್ಮ.

“ನಾನೇನು ನಲ್ಲಿ ಮುಚ್ಚಿದೀನಾ ದೊಡ್ಡಮ್ಮ? ಕುಡಿಯೋರು ಬರಲಿ.”

“ಎಲ್ಲಿಂದ ಬರ್ತಾರೆ? ಹಾರಿ ಬರೋಕೆ ಅವರೇನು ಗುಬ್ಬಚ್ಚಿನಾ?”

ಅವನು ನಕ್ಕು ಒಳಗೆ ಹೋದ.

ದೊಡ್ಡಮ್ಮನ ಗಂಡ ತೀರಿಕೊಂಡು ಆ ಶುಕ್ರವಾರಕ್ಕೆ ಎಷ್ಟೋ ವರ್ಷ ತುಂಬಿತ್ತು. ಗುಲಾಬಿ ಶರಬತ್ತು ಮಾಡಿ, ತಾಮ್ರದ ಹಂಡೆಯನ್ನು ನನ್ನ ಕೈಲೂ ಹಿಡಿಸಿಕೊಂಡು ಅರವಟ್ಟಿಗೆಯ ಹತ್ತಿರ ತಂದರು. ಸತ್ತವರ ಹೆಸರಿನ ಶರಬತ್ತನ್ನು ನಮ್ಮಲ್ಲಿ ಯಾರೂ ಬೇಡ ಅನ್ನುವುದಿಲ್ಲ. ನಿಂತುಕೊಂಡು ಕುಡಿಯುವುದೂ ಇಲ್ಲ. ಮಸೀದಿಯಿಂದ ಜನ ಹೊರಬರುತ್ತಿದ್ದಂತೆ ದೊಡ್ಡಮ್ಮ ಲೋಟ ಕೊಟ್ಟು ನೆಜ್ದತ್ತನ ಕುರ್ಚಿಗಳನ್ನೇ ತೋರಿಸಿದರು.

“ಕೂತ್ಕೊಳ್ಳಿ. ಕೂತು ನಿಧಾನಕ್ಕೆ ಕುಡೀರಿ. ಅವರಿಗೊಂದು ದುವಾ ಮಾಡಿ.”

ಕುರ್ಚಿಗಳೆಲ್ಲ ತುಂಬಿದವು. ಕಾಫಿಗೆ ಬಂದವರು ಜಾಗವಿಲ್ಲದೆ ತಿರುಗಿ ಹೋದರು. ಸತ್ತವರಿಗಾಗಿ ಪ್ರಾರ್ಥನೆ ಮಾಡುತ್ತಿರುವವರನ್ನು ಎಬ್ಬಿಸುವುದಾದರೂ ಹೇಗೆ? ನೆಜ್ದತ್ ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಬಂದ. ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಅವನಿಗೂ ಒಂದು ಲೋಟ ಹಿಡಿದರು.

“ನನ್ನ ಗಂಡನ ಹೆಸರಿಂದು. ಬೇಡ ಅಂತೀಯಾ?”

ತೆಗೆದುಕೊಂಡ. ಕೂರಲು ಅವನಿಗೇ ಕುರ್ಚಿ ಇರಲಿಲ್ಲ. “ಯಜಮಾನ್ರೇ, ಬೇಗ ಬರಬೇಕಿತ್ತು,” ಅಂದ ಒಬ್ಬ ಹೊರೆಯಾಳು, ಕಾಲು ಚಾಚಿಕೊಂಡು. ನೆಜ್ದತ್ ತನ್ನ ಅಂಗಡಿಯ ಹೊಸ್ತಿಲ ಮೇಲೇ ಕುಕ್ಕರಿಸಿ ಕುಡಿದ.

“ನಮ್ಮ ಕೇರೀಲಿ ಸತ್ತವರಿಗೇನು ಕಮ್ಮಿ ಇಲ್ಲ ನೆಜ್ದತ್,” ಅಂದರು ದೊಡ್ಡಮ್ಮ. “ನಾಳೆ ನನ್ನ ಅತ್ತೆ ಹೆಸರಲ್ಲಿ ಮಾಡ್ತೀನಿ. ನಾಡಿದ್ದು ಮಾವ.”

ಸಂಜೆಯೊಳಗೆ ಮೇಜುಗಳೆಲ್ಲ ಅಂಗಡಿಯ ಗೋಡೆಗೆ ಸರಿದವು.

ಮರುದಿನ ನೆಜ್ದತ್ ತಾನೇ ಚಹಾ ಹಿಡಿದುಕೊಂಡು ಬಂದ. “ಜಗಳ ಬೇಡ ದೊಡ್ಡಮ್ಮ. ಇನ್ಮೇಲೆ ದಿನಾ ನಿಮಗೆ ಚಹಾ ನಮ್ಮ ಅಂಗಡಿಯಿಂದಲೇ. ಕಾಸು ಬೇಡ.”

ದೊಡ್ಡಮ್ಮ ಲೋಟ ಮುಟ್ಟಲಿಲ್ಲ.

“ಒಳ್ಳೇ ಮನಸ್ಸಿಂದಲೇ ತಂದಿದ್ದೀಯ, ದೇವರು ನಿನ್ನ ಚೆನ್ನಾಗಿಟ್ಟಿರಲಿ. ಆದ್ರೆ ಬೇಡಪ್ಪ. ದಿನಾ ನಿನ್ನ ಚಹಾ ಕುಡಿದ್ರೆ, ನೀನು ಮತ್ತೆ ಮೇಜು ಎಳೆದ ದಿನ ನಾನು ಯಾವ ಬಾಯಲ್ಲಿ ಬೈಯಲಿ?”