ತೊಗರಿ ಚೀಲ ಹೊತ್ತ ಕೆಂಪು ಕಾರು

ಈ ಘಟನೆ ಕಳೆದ ವರ್ಷದ ದಸರೆಯಲ್ಲಿ ನಡೆಯಿತೆಂದು ಮನೆಯವರೆಲ್ಲ ಹೇಳುತ್ತಾರೆ. ಕಾರಿನ ನೋಂದಣಿ ಪತ್ರವನ್ನೂ ಪಂಚಾಂಗವನ್ನೂ ತಾಳೆ ನೋಡಿದ ಮೇಲೆ ಖಚಿತವಾಗಿ ಹೇಳಬಲ್ಲೆ: ಅದು ದೀಪಾವಳಿಯ ಹಿಂದಿನ ವಾರ.

ನನ್ನ ಮಗಳು ಸವಿತಾ ಪಶುವೈದ್ಯೆ. ಸೇಡಂನ ನಮ್ಮ ಮನೆಯಿಂದ ಚಿಂಚೋಳಿ ಕಡೆಯ ಹಳ್ಳಿಗಳಿಗೆ ನಿತ್ಯ ಓಡಾಡುತ್ತಾಳೆ. ಸ್ವಂತ ಸಂಬಳದಲ್ಲಿ ಮೊದಲ ಕಾರು ಕೊಳ್ಳಲು ಹೊರಟವಳು ಮೆಚ್ಚಿದ್ದು ಗಿಡ್ಡನೆಯ, ಚುರುಕು ಎಂಜಿನ್ನಿನ, ಕೆಂಪು ಬಣ್ಣದ ಸ್ಪೋರ್ಟಿ ಕಾರನ್ನು. ಚಿತ್ತಾಪುರದಲ್ಲಿ ಒಕ್ಕಲುತನ ಮಾಡುವ ನನ್ನ ತಮ್ಮ ಶರಣಪ್ಪನಿಗೆ ಅದು ಒಪ್ಪಿಗೆಯಾಗಲಿಲ್ಲ.

"ಇದು ಶೋಕಿ ಗಾಡಿ. ನಮ್ಮ ರಸ್ತಾದಾಗ ಹೊಟ್ಟಿ ತಿಕ್ತದ. ಎತ್ತರದ್ದು ತಗೋ," ಎಂದ.

"ಒಮ್ಮಿ ತಿಕ್ಕಿದ್ರೂ ನೀ ಹೇಳಿದ್ದೇ ತಗೋತೀನಿ, ಕಾಕಾ."

ಓಡಿಸಿ ನೋಡಲೆಂದು ಷೋರೂಮಿನವನೊಬ್ಬ ಕಾರನ್ನು ಮನೆಗೇ ತಂದ. ನಮ್ಮಲ್ಲಿ ಹಳ್ಳಿಗೆ ಹೋದ ಗಾಡಿ ಬರಿದಾಗಿ ಮರಳುವುದಿಲ್ಲ. ಯಾರಾದರೂ ಏನಾದರೂ ಹೇರಿಯೇ ಕಳಿಸುತ್ತಾರೆ. ಆದ್ದರಿಂದ ಪರೀಕ್ಷೆಯೂ ಹಾಗೆಯೇ ಆಗಬೇಕೆಂದು ಶರಣಪ್ಪ ಡಿಕ್ಕಿಗೆ ಎರಡು ಚೀಲ ತೊಗರಿ ಹಾಕಿಸಿ, ಷೋರೂಮಿನವನೊಂದಿಗೆ ಹಿಂದೆ ಕುಳಿತ. ನಾನು ಮುಂದೆ, ಮಗಳ ಪಕ್ಕದಲ್ಲಿ.

"ಎರಡಲ್ಲ ಕಾಕಾ, ಈಗ ಮೂರು ಚೀಲ ಆಯ್ತು," ಎಂದು ಸವಿತಾ ಕನ್ನಡಿಯಲ್ಲಿ ನೋಡಿ ನಕ್ಕಳು.

"ಬಾಯಿ ಸಾಕು, ಗಾಡಿ ಹೊಡಿ."

ಚಿಂಚೋಳಿ ರಸ್ತೆಯನ್ನು ಸಿಮೆಂಟ್ ಲಾರಿಗಳು ಉತ್ತು ಹಾಕಿದಂತಿತ್ತು. ಅವಳು ಲಾರಿಚಕ್ರದ ತಗ್ಗುಗಳಿಗೆ ಇಳಿಯದೆ, ನಡುವಿನ ದಿಬ್ಬದ ಮೇಲೊಂದು ಬದಿಯ ಗಾಲಿಗಳನ್ನಿಟ್ಟು ಸಾಗಿದಳು. ರಸ್ತೆಯುಬ್ಬುಗಳನ್ನು ಓರೆಯಾಗಿ ಏರಿಸಿದಳು. ಬಯಲು ಸಿಕ್ಕಲ್ಲಿ ಗೇರ್ ಇಳಿಸಿ, ತೆವಳುತ್ತಿದ್ದ ಲಾರಿಯೊಂದನ್ನು ಸರ್ರನೆ ದಾಟಿದಾಗ ನಾನು ಬಾಗಿಲ ಹಿಡಿಕೆ ಹಿಡಿದಿದ್ದೆ. ಶರಣಪ್ಪ ಸದ್ದಿಗಾಗಿ ಕಿವಿಗೊಟ್ಟಿದ್ದ.

ಹಳ್ಳಿಯೊಂದರ ಮುಂದಿನ ದೊಡ್ಡ ಉಬ್ಬಿನ ಮೇಲೆ 'ಗರ್' ಎಂದಿತು.

"ತಿಕ್ತು! ನಿಂದರ್ಸು!"

ಸವಿತಾಳ ಮುಖ ಸಪ್ಪಗಾಯಿತು. ಶರಣಪ್ಪ ಬಿಳಿ ಧೋತರವನ್ನೂ ಲೆಕ್ಕಿಸದೆ ನೆಲಕ್ಕೊರಗಿ ಕಾರಿನಡಿ ಇಣುಕಿದ. ಅಲ್ಲಿ ಮೆತ್ತಿದ್ದ ಧೂಳು ಎಲ್ಲಿಯೂ ಅಳಿಸಿರಲಿಲ್ಲ. ಡಿಕ್ಕಿ ತೆರೆದರೆ, ಚೀಲವೊಂದು ಪಕ್ಕಕ್ಕೆ ಜಾರಿತ್ತು. ಅವನು ಅದನ್ನು ಸರಿಪಡಿಸಿದ.

"ಕೆಂಪುದೇ ಬುಕ್ ಮಾಡ್ಲೇನ್ರಿ, ಸಾಹೇಬ್ರ?" ಎಂದು ಷೋರೂಮಿನವನು ಅವನನ್ನು ಕೇಳಿದ.

ಶರಣಪ್ಪ ಧೋತರ ಕೊಡವಿಕೊಂಡ. "ನನಗ್ಯಾಕ ಕೇಳ್ಲಿಕತ್ತಿ? ಓಡ್ಸಾಕಿ ಅಲ್ಲಿ ಕುಂತಾಳ. ಆಕಿಗಿ ಕೇಳು."

ಶಾಸನಗಳ ಸಂಶೋಧನೆಗಾಗಿ ನನಗೆ ಶಾಲು ಹೊದಿಸಿದವರಿದ್ದಾರೆ. ಆದರೂ ಅಂದು ಆ ಧೂಳಿನ ರಸ್ತೆಯಲ್ಲಿ ಅವಳ ಪಕ್ಕದ ಸೀಟಿನಲ್ಲಿ ಕುಳಿತಿದ್ದುದೇ ನನಗೆ ಹೆಚ್ಚಿನ ಹೆಮ್ಮೆ.